ಗೋಡೆಯ ಕಾಗದ, ಬಾಣದ ಪಂಜರ: ಸ್ತ್ರೀಯ ಚಿತ್ತವಿಕಾರವನ್ನು ಕುರಿತ ಎರಡು ಕೃತಿಗಳಲ್ಲಿ ಸಂಕೇತದ ಸ್ವರೂಪ

ಕಥೆಯೊಂದರಲ್ಲಿ ಬುದ್ಧಿಭ್ರಮಣೆಗೆ ಒಳಗಾದ ಸ್ತ್ರೀಯು ಕಾಣಿಸಿಕೊಂಡೊಡನೆ ಆಕೆಯ ರೋಗವನ್ನು ಮತ್ತಾವುದೋ ಒಂದರ ಸಂಕೇತವೆಂದು ಭಾವಿಸುವುದು ವಿಮರ್ಶಕರಲ್ಲಿ ರೂಢಿಯಾಗಿದೆ. ಹಾಗೆ ಭಾವಿಸುವುದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಸಂಕೇತವನ್ನು ಹುಡುಕುವ ಆತುರದಲ್ಲಿ ರೋಗವು ರೋಗವೆಂಬುದನ್ನೇ ಮರೆಯುವ ಅಪಾಯವಿದೆ. ಈ ಅಪಾಯವು ಪುಸ್ತಕದ ಒಳಗೆ ಮಾತ್ರ ಉಳಿಯುವಂಥದಲ್ಲವೆಂಬುದು ನಮ್ಮ ಅಭಿಪ್ರಾಯ. ಇತಿಹಾಸದ ಅಧ್ಯಾಪಕರಾದ ನಾವು ಸಾಹಿತ್ಯದ ಎಲ್ಲೆಯೊಳಗೆ ಕಾಲಿಡುವುದನ್ನು ಕನ್ನಡ ಮತ್ತು ಆಂಗ್ಲ ವಿಭಾಗಗಳ ಮಿತ್ರರು ಮನ್ನಿಸಬೇಕು. ಇದಕ್ಕೆ ಒಂದು ಸಣ್ಣ ಕಾರಣವಿದೆ. ಅದನ್ನು ಮೊದಲೇ ಹೇಳಿಬಿಡುವುದು ಒಳಿತು.

ಕೆಲವು ವರ್ಷಗಳ ಹಿಂದೆ ಮಾನ್ವಿಯ ಒಂದು ಕಾಲೇಜಿನಲ್ಲಿ ಆಂಗ್ಲ ಅಧ್ಯಾಪಕರ ಸ್ಥಾನ ತೆರವಾಗಿದ್ದಾಗ ಆ ತರಗತಿಗಳಲ್ಲಿ ಕೆಲವನ್ನು ನಾವು ನಡೆಸಬೇಕಾಗಿ ಬಂದಿತು. ಆಗ ವಿದ್ಯಾರ್ಥಿಗಳಿಗೆ ಅಮೆರಿಕದ ಲೇಖಕಿ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್ ಅವರ 'ದಿ ಯೆಲ್ಲೊ ವಾಲ್‌ಪೇಪರ್' ಎಂಬ ಸಣ್ಣಕಥೆಯನ್ನು ಓದಿಸಿದೆವು. ಗೋಡೆಗೆ ಕಾಗದವನ್ನು ಏಕೆ ಅಂಟಿಸುತ್ತಾರೆಂಬುದೇ ಅವರ ಮೊದಲ ಪ್ರಶ್ನೆಯಾಗಿತ್ತು. ಕಲ್ಲು ಮಣ್ಣಿನ ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣು ಬಳಿಯುವ ಊರಿನ ಮಕ್ಕಳಿಗೆ ಈ ಸಂದೇಹ ಸಹಜವಾದದ್ದೇ. ಕೊನೆಗೆ, ಹಳದಿ ಬಣ್ಣವು ಯಾವುದರ ಸಂಕೇತವೆಂದು ಒಂದು ಪ್ರಶ್ನೆಯನ್ನು ಕೊಟ್ಟೆವು. ಒಬ್ಬ ವಿದ್ಯಾರ್ಥಿನಿ, ಹಳದಿಯು ಅರಿಸಿನದ ಬಣ್ಣ, ಬಾಣಂತಿಗೆ ಅರಿಸಿನ ಹಚ್ಚಿ ಎರೆಯುತ್ತಾರೆ, ಈ ಕಥೆಯ ಹೆಂಗಸೂ ಬಾಣಂತಿ, ಆದುದರಿಂದ ಅದು ಬಾಣಂತಿಕೋಣೆಯ ಬಣ್ಣ ಎಂದು ಬರೆದಳು. ನಾವು ಅದನ್ನು ತಪ್ಪೆಂದು ಗುರುತುಹಾಕಿದೆವು. ಗಿಲ್ಮನ್‌ಗೆ ಅರಿಸಿನದ ಆಚಾರ ತಿಳಿದಿರಲಿಲ್ಲವೆಂಬುದು ನಮ್ಮ ತರ್ಕ. ಕಥೆಯನ್ನು ಮತ್ತೆ ಮತ್ತೆ ಓದಿದ ಮೇಲೆ, ಆ ಕೋಣೆಯಲ್ಲಿ ಇರುವವಳು ಬಾಣಂತಿಯೆಂಬ ಮೂಲ ಸಂಗತಿಯನ್ನು ಆಕೆ ಹಿಡಿದಿದ್ದಳು, ನಾವು ಹಿಡಿದಿರಲಿಲ್ಲ ಎಂಬುದು ಅರಿವಾಯಿತು. ಪ್ರಕೃತ ಲೇಖನ ಆ ತಪ್ಪಿನಿಂದ ಹುಟ್ಟಿದುದು.

ಈ ಕಥೆಯೊಡನೆ ಇಟ್ಟು ನೋಡಲು ಕನ್ನಡದಲ್ಲಿ ನಮಗೆ ದೊರೆಯುವ ಸಮೀಪದ ಕೃತಿ ತ್ರಿವೇಣಿಯವರ 'ಶರಪಂಜರ'. ಅದು ಕಾದಂಬರಿ, ಸಣ್ಣಕಥೆಯಲ್ಲ ಎಂಬುದು ನಿಜ. ಸಣ್ಣಕಥೆಯೇ ಬೇಕೆಂದರೆ ಗಂಡ ಬಿಟ್ಟುಹೋದ, ಊರಿನವರ ಬಾಯಲ್ಲಿ ಹುಚ್ಚಿಯಾದ ಹೆಣ್ಣನ್ನು ಕುರಿತ ವೈದೇಹಿಯವರ 'ಅಕ್ಕು' ಇದೆ. ಅದು ಪ್ರತ್ಯೇಕ ಲೇಖನಕ್ಕೇ ಯೋಗ್ಯವಾದುದು. ಆದರೆ ಹೆರಿಗೆಯ ಬೆನ್ನಿಗೆ ಬರುವ ಚಿತ್ತವಿಕಾರವನ್ನು ನೇರವಾಗಿ ವಸ್ತುವಾಗಿ ಆರಿಸಿಕೊಂಡವರು ತ್ರಿವೇಣಿಯವರೇ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ 'ಬಾಣಂತಿ ಸನ್ನಿ' ಎಂಬ ಹೆಸರು ಮೊದಲಿನಿಂದಲೂ ಇದೆ. ಹೆಸರಿದ್ದ ರೋಗಕ್ಕೆ ಸಾಹಿತ್ಯದಲ್ಲಿ ಸ್ಥಾನ ದೊರೆಯಲು ಮಾತ್ರ ಬಹುಕಾಲ ಹಿಡಿಯಿತು.

ಮೊದಲು ಗಿಲ್ಮನ್ ಅವರ ಕಥೆ. ಅದು ಪ್ರಕಟವಾದುದು 1892ರ ಜನವರಿಯಲ್ಲಿ, 'ನ್ಯೂ ಇಂಗ್ಲೆಂಡ್ ಮ್ಯಾಗಜೀನ್' ಪತ್ರಿಕೆಯಲ್ಲಿ; ಆಗ ಲೇಖಕಿಯ ಹೆಸರು ಷಾರ್ಲಟ್ ಪರ್ಕಿನ್ಸ್ ಸ್ಟೆಟ್ಸನ್. ಇದಕ್ಕೆ ಮುಂಚೆ 'ಅಟ್ಲಾಂಟಿಕ್' ಪತ್ರಿಕೆಯ ಸಂಪಾದಕರು, ಇದನ್ನೋದಿ ತಮಗಾದ ಸಂಕಟವನ್ನು ಇತರರಿಗೆ ಉಂಟುಮಾಡಲಾರೆವೆಂದು ಹಿಂದಿರುಗಿಸಿದ್ದರು. ವಸ್ತುವನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಮಗುವನ್ನು ಹೆತ್ತು ಹೆಚ್ಚು ದಿನಗಳಾಗದ ಗೃಹಿಣಿಯೊಬ್ಬಳನ್ನು ವೈದ್ಯನಾದ ಆಕೆಯ ಗಂಡ ಜಾನ್ ಬೇಸಗೆಯ ಮೂರು ತಿಂಗಳ ಮಟ್ಟಿಗೆ ಹಳೆಯದೊಂದು ಬಂಗಲೆಗೆ ಕರೆತರುತ್ತಾನೆ. ಆಕೆಗೆ ವಿಶೇಷವಾದ ರೋಗವೇನೂ ಇಲ್ಲ, ಕೊಂಚ ನರಗಳ ದೌರ್ಬಲ್ಯ ಎಂಬುದು ಅವನ ನಿರ್ಣಯ. ಆಕೆಯ ಅಣ್ಣನೂ ವೈದ್ಯ. ಅವನದೂ ಅದೇ ಮಾತು. ಆಕೆ ಬರೆಯಕೂಡದು, ಹೆಚ್ಚು ಜನರನ್ನು ನೋಡಕೂಡದು, ಮನಸ್ಸಿಗೆ ಕೆಲಸ ಕೊಡಕೂಡದು. ಮೇಲಂತಸ್ತಿನ ಕೋಣೆಯಲ್ಲಿ ಆಕೆ ಕದ್ದು ಬರೆದ ದಿನಚರಿಯೇ ಕಥೆ. ಗೋಡೆಯ ಹಳದಿ ಕಾಗದದ ಚಿತ್ತಾರ ಮೊದಲು ಆಕೆಗೆ ಅಸಹ್ಯವಾಗುತ್ತದೆ, ಬಳಿಕ ಬಿಡದೆ ಕಾಡುತ್ತದೆ; ಬೆಳುದಿಂಗಳಿನಲ್ಲಿ ಚಿತ್ತಾರವು ಸರಳುಗಳಾಗಿ, ಅದರ ಹಿಂದೆ ಒಬ್ಬ ಹೆಂಗಸು ತೆವಳುತ್ತಿರುವಂತೆ ಕಾಣುತ್ತದೆ. ಕೊನೆಯ ದಿನ ಆಕೆ ಬಾಗಿಲಿಗೆ ಬೀಗ ಹಾಕಿಕೊಂಡು, ಕಾಗದವನ್ನು ಕಿತ್ತೆಸೆದು, ತಾನೇ ಆ ಹೆಂಗಸಾಗಿ ಗೋಡೆಯ ಗುಂಟ ತೆವಳತೊಡಗುತ್ತಾಳೆ. ಕಂಡ ಗಂಡ ಮೂರ್ಛೆಹೋಗುತ್ತಾನೆ. ದಾರಿಗೆ ಅಡ್ಡಲಾಗಿ ಬಿದ್ದ ಅವನನ್ನು ದಾಟಿಕೊಂಡೇ ಆಕೆ ತೆವಳುತ್ತಾಳೆ.

ಈ ಕಾಗದವನ್ನು ಕುರಿತು ಬರೆದವರಿಗೆ ಲೆಕ್ಕವಿಲ್ಲ. 1973ರಲ್ಲಿ ಅಮೆರಿಕದ ಫೆಮಿನಿಸ್ಟ್ ಪ್ರೆಸ್ ಈ ಕಥೆಯನ್ನು ಪ್ರತ್ಯೇಕ ಪುಸ್ತಕವಾಗಿ ಮರುಮುದ್ರಿಸಿದ ಮೇಲೆ ಅದು ಕಾಲೇಜುಗಳ ಪಠ್ಯವೇ ಆಯಿತು. 1979ರಲ್ಲಿ ಗಿಲ್ಬರ್ಟ್ ಮತ್ತು ಗುಬಾರ್ ಎಂಬ ವಿದುಷಿಯರು, ಹತ್ತೊಂಬತ್ತನೆಯ ಶತಮಾನದ ಲೇಖಕಿಯರ ಬರಹದಲ್ಲಿ ಹುಚ್ಚು ಹೆಂಗಸು ಅವರ ಅಡಗಿಸಿಟ್ಟ ಕೋಪದ ರೂಪವೆಂದು ವಾದಿಸಿದಾಗ ಈ ಕಥೆಗೂ ಅದರಲ್ಲಿ ಸ್ಥಾನ ದೊರೆಯಿತು. ಚಿತ್ತಾರವೆಂದರೆ ಪುರುಷಸಮಾಜದ ಕಟ್ಟಳೆ, ಹಿಂದಿರುವವಳು ಬಂದಿಯಾದ ಸ್ತ್ರೀತ್ವ, ಹರಿದೆಸೆಯುವುದು ಬಿಡುಗಡೆ ಎಂಬ ವ್ಯಾಖ್ಯಾನವನ್ನು ಈಗ ವಿದ್ಯಾರ್ಥಿಗಳು ಕಥೆಯನ್ನು ಓದುವ ಮೊದಲೇ ಬಾಯಿಪಾಠಮಾಡಿರುತ್ತಾರೆ. ಇದರಲ್ಲಿ ಸತ್ಯವಿಲ್ಲವೆಂದಲ್ಲ. ಆದರೆ ಬಿಡುಗಡೆಯೆಂದು ಇವರು ಹೊಗಳುವ ಗಳಿಗೆಯಲ್ಲಿ ಆ ಹೆಂಗಸು ಸೊಂಟಕ್ಕೆ ಹಗ್ಗ ಬಿಗಿದುಕೊಂಡಿದ್ದಾಳೆ. ಕಿಟಕಿಯಿಂದ ಹಾರುವ ಯೋಚನೆಯೂ ಆಕೆಗೆ ಬಂದುಹೋಗಿದೆ. ಹೊರಗೆ ಹೋಗಲು ಆಕೆಗೆ ಮನಸ್ಸಿಲ್ಲ. ಇದನ್ನು ಗೆಲವೆನ್ನಲು ನಮಗೆ ಬಾಯಿ ಬಾರದು. ಮನೆಯಲ್ಲಿ ಇಂಥ ರೋಗಿಯನ್ನು ಕಂಡವರು ಯಾರೂ ಹಾಗೆನ್ನಲಾರರು.

ಇತಿಹಾಸದ ವಿದ್ಯಾರ್ಥಿಯು ಮೊದಲು ನೋಡಬೇಕಾದುದು ಸಂಕೇತವನ್ನಲ್ಲ, ಕೋಣೆಯನ್ನು. ಆ ಕೋಣೆ ಹಿಂದೆ ಮಕ್ಕಳ ಕೋಣೆಯಾಗಿತ್ತು, ಬಳಿಕ ಆಟದ ಹಾಗೂ ಅಂಗಸಾಧನೆಯ ಕೋಣೆ ಎಂಬುದು ನಿರೂಪಕಿಯ ಊಹೆ. ಏಕೆಂದರೆ ಕಿಟಕಿಗಳಿಗೆ ಸರಳುಗಳಿವೆ, ಗೋಡೆಯಲ್ಲಿ ಬಳೆಗಳಿವೆ, ಮಂಚವನ್ನು ನೆಲಕ್ಕೆ ಮೊಳೆಹೊಡೆದು ಕೂರಿಸಿದೆ, ಮೆಟ್ಟಿಲ ತಲೆಗೆ ಒಂದು ಗೇಟು ಇದೆ. ಮಂಚದ ತಲೆದಿಂಬಿನ ಸುತ್ತ ಕೈಗೆ ಎಟಕುವಷ್ಟು ದೂರ ಕಾಗದ ಆಗಲೇ ಕಿತ್ತುಹೋಗಿದೆ. ಗೋಡೆಯ ತಳಭಾಗದಲ್ಲಿ, ಯಾರೋ ಹೆಗಲನ್ನು ಉಜ್ಜಿಕೊಂಡು ಸುತ್ತಿದಂತೆ, ಒಂದು ಉದ್ದವಾದ ಕೊಳೆಯ ಗೆರೆ ಇದೆ. ಮಕ್ಕಳು ಹೀಗೆ ಮಾಡಿರಬೇಕೆಂದು ಆಕೆ ನಂಬುತ್ತಾಳೆ, ವಾಚಕನು ನಂಬಲಾರ. ಇಲ್ಲಿ ಹಿಂದೆಯೂ ಯಾರನ್ನೋ ಕೂಡಿಹಾಕಿದ್ದರೋ, ಅಥವಾ ಈ ಗುರುತುಗಳಲ್ಲಿ ಕೆಲವು ಆಕೆಯವೇ, ಆಕೆಗೆ ನೆನಪಿಲ್ಲವೋ? ಕಥೆ ಇದನ್ನು ಬಿಡಿಸಿ ಹೇಳುವುದಿಲ್ಲ. ಶಾಸನವೊಂದರ ಒಡೆದ ಕಲ್ಲನ್ನು ಓದುವಂತೆ ಈ ಗುರುತುಗಳನ್ನು ಓದಬೇಕಾಗುತ್ತದೆ, ಮತ್ತು ಕಥೆಯ ಭಯವೆಲ್ಲ ಈ ಸಾಮಾನ್ಯ ವಸ್ತುಗಳಲ್ಲಿಯೇ ಇದೆ.

ಇದಕ್ಕೆ ನಮ್ಮ ಅಲಂಕಾರಶಾಸ್ತ್ರದಲ್ಲಿ ಒಳ್ಳೆಯ ಪರಿಭಾಷೆ ಇದೆ. ಧ್ವನಿಯನ್ನು ಆನಂದವರ್ಧನನು ಎರಡು ಬಗೆಯಾಗಿ ವಿಂಗಡಿಸುತ್ತಾನೆ. ವಾಚ್ಯಾರ್ಥವು ಕವಿಗೆ ಬೇಕಾಗಿಯೇ ಇಲ್ಲದೆ ಅದು ಬೇರೊಂದಕ್ಕೆ ದಾರಿಯಾಗುವುದು ಅವಿವಕ್ಷಿತವಾಚ್ಯ. ವಾಚ್ಯಾರ್ಥವು ಬೇಕಾಗಿದ್ದೂ ತನ್ನಾಚೆಗೆ ಇನ್ನೊಂದನ್ನು ತೋರುವುದು ವಿವಕ್ಷಿತಾನ್ಯಪರವಾಚ್ಯ. ಗಿಲ್ಮನ್‌ರ ಕಾಗದ ಎರಡನೆಯ ಬಗೆಗೆ ಸೇರಿದುದು. ಅದು ಮೊದಲು ಕಾಗದ. ಬಿಸಿಲಿಗೆ ಬಣ್ಣಗೆಟ್ಟದ್ದು, ಮಳೆಗಾಲದಲ್ಲಿ ವಾಸನೆ ಹೊಡೆಯುವುದು, ಮುಟ್ಟಿದವರ ಬಟ್ಟೆಗೆ ಹತ್ತುವುದು. ಆ ಕಾಲದ ಗೋಡೆಕಾಗದದ ಕೆಲವು ಬಣ್ಣಗಳಲ್ಲಿ, ಮುಖ್ಯವಾಗಿ ಹಸಿರಿನಲ್ಲಿ, ಪಾಷಾಣ ಬೆರೆಸುತ್ತಿದ್ದರೆಂಬುದೂ, ಮಲಗುವ ಕೋಣೆಯ ಕಾಗದ ರೋಗಕ್ಕೆ ಕಾರಣವೆಂಬ ಚರ್ಚೆ ಪತ್ರಿಕೆಗಳಲ್ಲಿ ನಡೆದಿತ್ತೆಂಬುದೂ ಇತಿಹಾಸ. ಕಥೆಯ ಕಾಗದದಲ್ಲಿ ವಿಷವಿತ್ತೆಂದು ನಾವು ಹೇಳುತ್ತಿಲ್ಲ. ಅಂದಿನ ಓದುಗರಿಗೆ ಅದು ಬರಿಯ ಅಲಂಕಾರವಾಗಿ ಕಾಣುತ್ತಿರಲಿಲ್ಲವೆಂದಷ್ಟೆ. ಕಾಗದವನ್ನು ಕಾಗದವಾಗಿ ಕಾಣದವನಿಗೆ ಅದರ ಹಿಂದಿನ ಹೆಂಗಸೂ ಕಾಣಳು.

ಪ್ರಸಂಗವಶಾತ್ ಒಂದು ಮಾತು. ಕೊನೆಯಲ್ಲಿ ಆ ಹೆಂಗಸು ಬೀಗದಕೈಯನ್ನು ಮುಂಬಾಗಿಲ ಮೆಟ್ಟಿಲ ಬಳಿ ಒಂದು 'ಪ್ಲಾಂಟೇನ್' ಎಲೆಯ ಕೆಳಗೆ ಎಸೆದಿರುವುದಾಗಿ ಹೇಳುತ್ತಾಳೆ. ನಮ್ಮ ತರಗತಿಯಲ್ಲಿ ಎಲ್ಲರೂ ಇದನ್ನು ಬಾಳೆಯೆಲೆಯೆಂದೇ ತಿಳಿದರು. ಬಾಳೆ ಮಂಗಳಸೂಚಕವಾದುದರಿಂದ ಇದರಲ್ಲಿ ಆಶೆಯ ಸಂಕೇತವಿದೆಯೆಂದು ಒಬ್ಬನು ಸೊಗಸಾಗಿ ಬರೆದೂ ಬಿಟ್ಟನು. ಅಮೆರಿಕದ ಚಳಿಯ ನಾಡಿನಲ್ಲಿ ಆ ಹೆಸರಿನದು ದಾರಿಯಂಚಿನಲ್ಲಿ ನೆಲಕ್ಕೆ ಹತ್ತಿ ಬೆಳೆಯುವ ಒಂದು ಕಳೆಗಿಡ. ಅರಿಸಿನದ ಉತ್ತರವನ್ನು ತಪ್ಪೆಂದ ನಾವು ಬಾಳೆಯ ಉತ್ತರವನ್ನು ಮೆಚ್ಚಿ ಅಂಕ ಕೊಟ್ಟಿದ್ದೆವು. ನಿಘಂಟನ್ನು ನೋಡಿದುದು ಆಮೇಲೆ.

ಕೋಣೆಯ ಹಿಂದೆ ಒಂದು ಚಿಕಿತ್ಸೆ ಇದೆ. ಫಿಲಡೆಲ್ಫಿಯದ ಡಾ. ಸೈಲಾಸ್ ವೀರ್ ಮಿಚೆಲ್ ಅಂದಿನ ಅಮೆರಿಕದಲ್ಲಿ ನರರೋಗಗಳಿಗೆ ಪ್ರಸಿದ್ಧರಾದ ವೈದ್ಯರು. ಅಂತರ್ಯುದ್ಧದಲ್ಲಿ ಗಾಯಗೊಂಡ ಸೈನಿಕರ ನರಗಳನ್ನು ಪರೀಕ್ಷಿಸಿ ಹೆಸರಾದವರು. 1877ರಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿ ಅವರು 'ವಿಶ್ರಾಂತಿ ಚಿಕಿತ್ಸೆ'ಯನ್ನು ವಿವರಿಸಿದರು. ವಾರಗಟ್ಟಲೆ ಹಾಸಿಗೆ, ಯಥೇಚ್ಛವಾಗಿ ಹಾಲು ಮತ್ತು ಆಹಾರ, ಅಂಗಮರ್ದನ, ವಿದ್ಯುತ್ತಿನ ಪ್ರಯೋಗ, ಬಂಧುಬಳಗದಿಂದ ದೂರವಿಡುವುದು, ಇವು ಅದರ ಅಂಗಗಳು. 1885ರಲ್ಲಿ ಮಗಳನ್ನು ಹೆತ್ತ ಮೇಲೆ ತೀವ್ರವಾದ ಖಿನ್ನತೆಗೆ ಒಳಗಾದ ಗಿಲ್ಮನ್ 1887ರಲ್ಲಿ ಇವರಲ್ಲಿಗೆ ಹೋದರು. ಮನೆಗೆ ಹಿಂದಿರುಗುವಾಗ, ಆದಷ್ಟೂ ಗೃಹಕೃತ್ಯದಲ್ಲಿರಬೇಕೆಂದೂ, ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಓದು ಚಿಂತನೆ ಸಲ್ಲದೆಂದೂ, ಜೀವಮಾನದಲ್ಲಿ ಲೇಖನಿ ಕುಂಚಗಳನ್ನು ಮುಟ್ಟಬಾರದೆಂದೂ ವೈದ್ಯರು ವಿಧಿಸಿದರೆಂಬುದು ಅವರ ಹೇಳಿಕೆ. ಅದನ್ನು ಪಾಲಿಸಿ ಹುಚ್ಚಿನ ಅಂಚಿಗೆ ಹೋದುದಾಗಿ ಅವರು 1913ರಲ್ಲಿ ತಮ್ಮದೇ ಪತ್ರಿಕೆಯಲ್ಲಿ ಬರೆದರು. ತಮ್ಮ ಕಥೆಯನ್ನೋದಿದ ಮೇಲೆ ಮಿಚೆಲ್ ಚಿಕಿತ್ಸಾಕ್ರಮವನ್ನು ಬದಲಿಸಿದರೆಂದು ಕೇಳಿದುದಾಗಿಯೂ ಅಲ್ಲಿ ಹೇಳಿದ್ದಾರೆ. ಇದಕ್ಕೆ ಆಧಾರವನ್ನು ಹುಡುಕಿದ ಈಚಿನ ಸಂಶೋಧಕರಿಗೆ ಅದು ದೊರೆತಿಲ್ಲ. ಲೇಖಕಿಯ ಮಾತು ಎಂದ ಮಾತ್ರಕ್ಕೆ ಅದು ದಾಖಲೆಯಾಗದು.

ಈಗ ಆ ವಿದ್ಯಾರ್ಥಿನಿಯ ಬಾಣಂತಿಕೋಣೆಗೆ ಬರೋಣ. ನಮ್ಮ ಕಡೆಯ ಬಾಣಂತನವೂ ಒಂದು ವಿಶ್ರಾಂತಿ ಚಿಕಿತ್ಸೆಯೇ ಅಲ್ಲವೆ? ಗಾಳಿ ಬಾರದ ಕೋಣೆ, ಹೊರಸಿನ ಕೆಳಗೆ ಕೆಂಡ, ಲೋಬಾನದ ಹೊಗೆ, ಕಿವಿಗೆ ಕಟ್ಟಿದ ಬಟ್ಟೆ, ಎಣ್ಣೆ ಹಚ್ಚಿ ಎರೆಯುವ ಬಿಸಿನೀರು, ಅಂಟಿನುಂಡಿ, ಹೊಸ್ತಿಲು ದಾಟಕೂಡದೆಂಬ ಕಟ್ಟು. ಮೇಲುನೋಟಕ್ಕೆ ಮಿಚೆಲರ ವಿಧಿಗೂ ಇದಕ್ಕೂ ಬಹಳ ಸಾಮ್ಯವಿದೆ. ಆದರೆ ಒಂದು ಭೇದವಿದೆ, ಅದು ಸಣ್ಣದಲ್ಲ. ಬಾಣಂತಿ ಇರುವುದು ತವರಿನಲ್ಲಿ. ಕೂಸು ಅವಳ ಮಗ್ಗುಲಲ್ಲಿಯೇ ಇರುತ್ತದೆ. ತಾಯಿ, ಚಿಗವ್ವ, ಎರೆಯಲು ಬರುವ ಮುದುಕಿ, ನೋಡಲು ಬಂದ ಓಣಿಯ ಹೆಂಗಸರು, ಇವರ ಮಾತಿಗೆ ಬಿಡುವೇ ಇರುವುದಿಲ್ಲ. ಜಾನನು ಹೆಂಡತಿಗೆ ನಿಷೇಧಿಸಿದುದು ಇದನ್ನೇ. ಆಕೆಯ ಕೂಸನ್ನು ಬೇರೊಬ್ಬಳು ನೋಡಿಕೊಳ್ಳುತ್ತಾಳೆ. ಮನವೊಲಿದ ನೆಂಟರನ್ನು ಕರೆಸಬೇಕೆಂದರೆ ಅವನು ನಗೆಯಾಡುತ್ತಾನೆ. ಮಾತಾಡುವವರಿಲ್ಲದ ಹೆಂಗಸಿಗೆ ಗೋಡೆಯೊಂದೇ ಉಳಿಯುತ್ತದೆ. ಬಾಣಂತಿಕೋಣೆ ಸ್ವರ್ಗವೆಂದು ನಾವು ಹೇಳುವುದಿಲ್ಲ. ಸನ್ನಿ ಹಿಡಿದಾಗ ಆ ಕೋಣೆಯೂ ಕೈಚೆಲ್ಲುತ್ತದೆ; ಗಾಳಿ ಸೋಕಿತೆನ್ನುತ್ತಾರೆ, ತಲೆದಿಂಬಿಗೆ ಕಬ್ಬಿಣವಿಡುತ್ತಾರೆ, ಆಸ್ಪತ್ರೆಗೆ ಒಯ್ಯುವ ಮೊದಲು ಗಾಣಗಾಪುರಕ್ಕೆ ಒಯ್ಯುತ್ತಾರೆ. ಹೀಗೆ ಕಳೆದುಹೋದ ದಿನಗಳಲ್ಲಿ ತಾಯಿಯೋ ಕೂಸೋ ಉಳಿಯದೆ ಹೋದ ಮನೆಗಳುಂಟು. ಆದರೂ ಗಿಲ್ಮನ್‌ರ ಕಥೆಯನ್ನು ನಮ್ಮ ಮಕ್ಕಳಿಗೆ ಕಲಿಸುವಾಗ ಈ ಹೋಲಿಕೆಯಿಂದ ಆರಂಭಿಸುವುದು, ಹಳದಿಯೆಂದರೆ ರೋಗ ಮತ್ತು ಕ್ಷಯ ಎಂದು ಬರೆಯಿಸುವುದಕ್ಕಿಂತ ಎಷ್ಟೋ ಮೇಲು.

ಇನ್ನು ತ್ರಿವೇಣಿಯವರು. ಅವರ ನಿಜನಾಮ ಅನಸೂಯ, ಜನನ 1928ರಲ್ಲಿ. ಬಿ. ಎಂ. ಶ್ರೀಕಂಠಯ್ಯನವರು ಅವರ ದೊಡ್ಡಪ್ಪ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರವನ್ನು ಓದಿದವರು. 1953ರ 'ಅಪಸ್ವರ'ದಿಂದ ಮೊದಲುಗೊಂಡು ಹತ್ತು ವರ್ಷಗಳಲ್ಲಿ ಇಪ್ಪತ್ತರ ಸಮೀಪ ಕಾದಂಬರಿಗಳನ್ನು ಬರೆದು, 1963ರ ಜುಲೈಯಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಈ ಕೊನೆಯ ಸಂಗತಿಯನ್ನು ಹಿಡಿದು 'ಶರಪಂಜರ'ದಲ್ಲಿ ಭವಿಷ್ಯದ ಸೂಚನೆಯನ್ನು ಕಾಣುವವರಿದ್ದಾರೆ. ಅದು ಕರುಣೆಯಿರಬಹುದು, ವಿಮರ್ಶೆಯಲ್ಲ.

ಕಾದಂಬರಿಯ ಕಾವೇರಿ ಸುಶಿಕ್ಷಿತೆ. ಮೆಚ್ಚಿದ ಸತೀಶನನ್ನು ಮದುವೆಯಾಗಿ ಸುಖವಾಗಿರುವವಳು. ಎರಡನೆಯ ಹೆರಿಗೆಯ ಬಳಿಕ ಅವಳ ಚಿತ್ತ ಕೆಡುತ್ತದೆ. ಮದುವೆಗೆ ಮುಂಚೆ ನಡೆದುಹೋದ, ತಾನು ಒಳಗೇ ಹುಗಿದಿಟ್ಟ ಸಂಬಂಧವೊಂದರ ಪಾಪಭೀತಿ ರೋಗದ ಬಡಬಡಿಕೆಯಲ್ಲಿ ಹೊರಬರುತ್ತದೆ. ಮನೋರೋಗಿಗಳ ಆಸ್ಪತ್ರೆಯಲ್ಲಿ ಅವಳು ಗುಣಹೊಂದುತ್ತಾಳೆ. ಗುಣಹೊಂದಿ ಮನೆಗೆ ಬಂದ ಮೇಲೆ ನಿಜವಾದ ಕಥೆ ಮೊದಲಾಗುತ್ತದೆ. ಗಂಡ ದೂರವಾಗಿದ್ದಾನೆ, ಮತ್ತೊಬ್ಬಳಲ್ಲಿ ಮನಸ್ಸಿಟ್ಟಿದ್ದಾನೆ; ನೆರೆಹೊರೆಯವರು ಅವಳ ಪ್ರತಿಯೊಂದು ನಗುವನ್ನೂ ಸಿಟ್ಟನ್ನೂ ಹಳೆಯ ರೋಗದ ಲಕ್ಷಣವೆಂದೇ ಎಣಿಸುತ್ತಾರೆ. ಕೊನೆಗೆ ಅವಳು ಮತ್ತೆ ಅದೇ ಆಸ್ಪತ್ರೆಗೆ ಮರಳಬೇಕಾಗುತ್ತದೆ.

ಈ ಕೃತಿಯಲ್ಲಿ ಹಳದಿ ಕಾಗದದಂಥ ವಸ್ತುವಿಲ್ಲ. ಸಂಕೇತವಿರುವುದು ಹೆಸರಿನಲ್ಲಿ. ಮನೆಯಲ್ಲಿ ಬಾಣಗಳಿಲ್ಲ, ಪಂಜರವಿಲ್ಲ. ಶಾಸ್ತ್ರದ ಮಾತಿನಲ್ಲಿ ಇದು ಅವಿವಕ್ಷಿತವಾಚ್ಯ. ಬಾಣಗಳೆಂದರೆ ಚುಚ್ಚುಮಾತುಗಳು, ಪಂಜರವೆಂದರೆ ಮನೆ ಎಂದು ಹೇಳಿ ಮುಗಿಸುವವರೇ ಹೆಚ್ಚು. ಆದರೆ ಈ ಪದ ನಮ್ಮ ಕಾವ್ಯಪರಂಪರೆಯಿಂದ ಬಂದುದು. ಅದಕ್ಕೆ ಒಂದು ನೆನಪಿನ ಭಾರವಿದೆ. ಭೀಷ್ಮನದು ಶರಶಯ್ಯೆ, ಅದನ್ನು ಇದರೊಡನೆ ಬೆರೆಸಬಾರದು. ಶರಪಂಜರವೆಂದೊಡನೆ ನಮಗೆ ನೆನಪಾಗುವುದು ಖಾಂಡವದಹನ. ಅಗ್ನಿಗೆ ಕಾಡನ್ನು ಉಣಿಸಲು ಒಪ್ಪಿದ ಅರ್ಜುನನು, ಇಂದ್ರನು ಸುರಿಸುವ ಮಳೆ ಒಳಗೆ ಬೀಳದಂತೆ ಬಾಣಗಳಿಂದ ಕಾಡಿನ ಮೇಲೆ ಹೊದಿಕೆಯನ್ನೇ ಹೆಣೆದನು. ಹೊರಗಿನಿಂದ ನೋಡಿದವರಿಗೆ ಅದು ಅದ್ಭುತವಾದ ರಕ್ಷಣೆ, ಕೊಟ್ಟ ಮಾತಿನ ಪಾಲನೆ. ಒಳಗಿದ್ದ ಪ್ರಾಣಿಗಳಿಗೆ ಆ ಹೊದಿಕೆಯೆಂದರೆ ಬೆಂಕಿಯನ್ನು ನಂದಿಸಬಹುದಾಗಿದ್ದ ನೀರು ತಮ್ಮನ್ನು ತಲಪದಂತೆ ಮಾಡಿದುದು. ಉಳಿದವರು ಕೆಲವರು ಮಾತ್ರ. ತಕ್ಷಕನ ಮಗ ಅಶ್ವಸೇನನನ್ನು ಉಳಿಸಲು ಹೋದ ಅವನ ತಾಯಿ ಬಾಣಕ್ಕೆ ಬಲಿಯಾದಳು.

ಲೇಖಕಿಯು ಹೆಸರಿಡುವಾಗ ಈ ಪ್ರಸಂಗವನ್ನೇ ನೆನೆದರೆಂದು ನಾವು ಸಾಧಿಸಲಾರೆವು. ಸಾಧಿಸುವ ಅಗತ್ಯವೂ ಇಲ್ಲ. ಪದವನ್ನು ಬಲ್ಲ ವಾಚಕನಿಗೆ ಅದು ಒದಗಿಬರುತ್ತದೆ, ಕಾದಂಬರಿಗೆ ಚೆನ್ನಾಗಿ ಹೊಂದುತ್ತದೆ. ಕಾವೇರಿಗೆ ಬೇಕಾಗಿರುವುದು ವಿಶ್ವಾಸದ ನಾಲ್ಕು ಹನಿ. ಅದು ಅವಳನ್ನು ತಲಪದಂತೆ ತಡೆಯುವುದು ಹಗೆಗಳಲ್ಲ. ಮನೆಯ ಮಾನ, ಮಕ್ಕಳ ಕ್ಷೇಮ, ಅವಳದೇ ಆರೋಗ್ಯ ಎಂಬ ಹೆಸರಿನಲ್ಲಿ ಅವಳ ಸುತ್ತ ಹೆಣೆದ ಎಚ್ಚರಿಕೆಗಳು. ಕಾಪಾಡುವುದೇ ಕೂಡಿಹಾಕುವುದಾಗುವ ಈ ವಿಪರ್ಯಾಸವನ್ನು ಚುಚ್ಚುಮಾತೆಂಬ ಅರ್ಥ ಹಿಡಿಯಲಾರದು. ಜಾನನ ಪ್ರೀತಿಯೂ ಇಂಥದೇ. ಅವನು ಕ್ರೂರಿಯಲ್ಲ, ಹೆಂಡತಿಯನ್ನು ಎತ್ತಿಕೊಂಡು ಮಹಡಿಗೆ ಒಯ್ಯುತ್ತಾನೆ, ಪುಸ್ತಕ ಓದಿ ಕೇಳಿಸುತ್ತಾನೆ, ಮಗುವನ್ನು ಕರೆವಂತೆ ಕರೆಯುತ್ತಾನೆ. ಎಲ್ಲವನ್ನೂ ಮಾಡುತ್ತಾನೆ, ಅವಳ ಮಾತನ್ನು ನಂಬುವುದೊಂದನ್ನು ಬಿಟ್ಟು.

ಸಾಮ್ಯ ಇಲ್ಲಿಗೆ ನಿಲ್ಲುತ್ತದೆ. ಗಿಲ್ಮನ್‌ರಲ್ಲಿ ರೋಗವನ್ನು ಬೆಳೆಸುವುದು ಚಿಕಿತ್ಸೆ; ತ್ರಿವೇಣಿಯವರಲ್ಲಿ ಚಿಕಿತ್ಸೆ ಗುಣಮಾಡುತ್ತದೆ, ಮನೆ ಕೆಡಿಸುತ್ತದೆ. ಅಲ್ಲಿ ವೈದ್ಯನೂ ಗಂಡನೂ ಒಬ್ಬನೇ. ಇಲ್ಲಿ ವೈದ್ಯರು ಬೇರೆ, ಗಂಡ ಬೇರೆ. ಇದು ಇಬ್ಬರ ಮನೋಧರ್ಮದ ಭೇದವೆಂದು ಬಿಟ್ಟುಬಿಡಲಾಗದು. ಕಾಲದ ಭೇದವೂ ಹೌದು. 1880ರ ದಶಕದ ಅಮೆರಿಕದ ವೈದ್ಯನು ಸ್ತ್ರೀಯ ಮನಸ್ಸನ್ನು ಆಕೆಯ ದೇಹದ ದೌರ್ಬಲ್ಯವೆಂದು ಕಂಡನು; ಅವಳ ಮಾತನ್ನು ಕೇಳುವುದು ಅವನ ಶಾಸ್ತ್ರದಲ್ಲಿ ಇರಲಿಲ್ಲ. ತ್ರಿವೇಣಿಯವರು ಬರೆಯುವ ಹೊತ್ತಿಗೆ ಮನಃಶಾಸ್ತ್ರವೆಂಬುದು ಮೈಸೂರು ಸೀಮೆಯಲ್ಲಿ ಹೊಸ ಬೆಳಕಿನ ವಿದ್ಯೆ. ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆ 1925ರಲ್ಲಿಯೇ ಮಾನಸಿಕ ಆಸ್ಪತ್ರೆಯೆಂಬ ಹೆಸರನ್ನು ಪಡೆದಿತ್ತು. 1954ರಲ್ಲಿ ಅದರ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಎರಡೂ ಕೂಡಿ ಇಂದಿನ ನಿಮ್ಹಾನ್ಸ್ ಆಯಿತು. ಉತ್ತರದಲ್ಲಿ ಧಾರವಾಡದ ಆಸ್ಪತ್ರೆಯ ಮೂಲ 1845ರಷ್ಟು ಹಿಂದಿನದು. ದೇಶದ ಕಾಯಿದೆ ಮಾತ್ರ 1912ರದೇ ಇತ್ತು. 1987ರವರೆಗೆ ಅದು ಬದಲಾಗಲಿಲ್ಲ, 2017ರ ಕಾಯಿದೆ ಬಂದ ಮೇಲೆಯೇ ರೋಗಿಯ ಹಕ್ಕೆಂಬ ಮಾತು ಸ್ಪಷ್ಟವಾಗಿ ಬಂದುದು. ಹುಚ್ಚು ವಾಸಿಯಾಗುವ ರೋಗವೆಂದು ಹೇಳುವುದೇ ಆ ಕಾಲದ ಕನ್ನಡ ಕಾದಂಬರಿಗೆ ಒಂದು ಧೈರ್ಯದ ಕೆಲಸ. ಆ ಧೈರ್ಯದಿಂದಲೇ ತ್ರಿವೇಣಿಯವರ ಆಸ್ಪತ್ರೆ ಕೊಂಚ ಹೆಚ್ಚು ಶುಭ್ರವಾಗಿದೆ, ಅಲ್ಲಿಯ ಜನ ಕೊಂಚ ಹೆಚ್ಚು ಒಳ್ಳೆಯವರಾಗಿದ್ದಾರೆ ಎಂಬ ಆಕ್ಷೇಪಕ್ಕೆ ಎಡೆಯಿದೆ. ನಾವು ಆ ಆಕ್ಷೇಪವನ್ನು ಒಪ್ಪುತ್ತೇವೆ. ಕಲೆಯ ದೃಷ್ಟಿಯಿಂದ ಗಿಲ್ಮನ್‌ರ ಕಥೆ ಹೆಚ್ಚು ಬಿಗಿಯಾದುದೆಂಬುದನ್ನೂ ಅಲ್ಲಗಳೆಯುವುದಿಲ್ಲ. ಅಲ್ಲಿ ರೋಗಿಯೇ ಮಾತಾಡುತ್ತಾಳೆ, ಇಲ್ಲಿ ಲೇಖಕಿ ಆಗಾಗ ನಡುವೆ ನಿಂತು ವಿವರಿಸುತ್ತಾರೆ.

1971ರಲ್ಲಿ ಪುಟ್ಟಣ್ಣ ಕಣಗಾಲರ ಚಲಚ್ಚಿತ್ರ ಬಂದ ಮೇಲೆ ಕಾವೇರಿಯೆಂದರೆ ಕಲ್ಪನಾ ಅವರ ಮುಖವೇ ಜನರ ಕಣ್ಣಮುಂದೆ ಬರುತ್ತದೆ. ಚಿತ್ರ ದೊಡ್ಡದೇ, ಆದರೆ ಹಾಡುಗಳನ್ನು ನೆನೆದು ಕಾದಂಬರಿಯನ್ನು ವಿಮರ್ಶಿಸುವ ಪದ್ಧತಿಯನ್ನು ವಿದ್ಯಾರ್ಥಿಗಳು ಬಿಡಬೇಕು.

ಒಂದು ವಿಷಯದಲ್ಲಿ ಮಾತ್ರ ತ್ರಿವೇಣಿಯವರು ಗಿಲ್ಮನ್‌ರಿಗಿಂತ ಮುಂದೆ ಹೋಗಿದ್ದಾರೆಂದು ನಮಗೆ ತೋರುತ್ತದೆ. ಜಾನನಿಗೆ ಹೆಂಡತಿಯ ರೋಗದಲ್ಲಿ ಯಾವ ಅರ್ಥವೂ ಕಾಣುವುದಿಲ್ಲ. ಅವನ ಪಾಲಿಗೆ ಅದು ಏನೂ ಅಲ್ಲ. ಸತೀಶನಿಗೂ ಊರಿಗೂ ಕಾವೇರಿಯ ರೋಗದಲ್ಲಿ ಬೇಕಾದಷ್ಟು ಅರ್ಥ ಕಾಣುತ್ತದೆ. ಅದು ಅವಳ ಹಿಂದಿನ ನಡತೆಯ ಗುರುತು, ಮುಚ್ಚಿಟ್ಟ ಪಾಪದ ಫಲ. ಎಂದರೆ, ರೋಗವನ್ನು ಸಂಕೇತವೆಂದು ಓದುವ ಕೆಲಸವನ್ನು ಕಾದಂಬರಿಯೊಳಗೆ ಆಗಲೇ ಊರವರು ಮಾಡುತ್ತಿದ್ದಾರೆ. 1978ರಲ್ಲಿ ಸೂಸನ್ ಸಾಂಟ್ಯಾಗ್ ಕ್ಷಯ ಮತ್ತು ಅರ್ಬುದಗಳನ್ನು ಕುರಿತು ಹೇಳಿದುದೂ ಇದನ್ನೇ: ರೋಗಕ್ಕೆ ಹೊರಿಸುವ ರೂಪಕವು ರೋಗಿಗೆ ಎರಡನೆಯ ರೋಗವಾಗುತ್ತದೆ.

ಈ ಓದು ನಮ್ಮ ನಾಡಿಗೆ ಹೊಸದಲ್ಲ. ಮಾನ್ವಿಯ ಜಗನ್ನಾಥದಾಸರ ವಿಷಯದಲ್ಲಿ ಪರಂಪರೆ ಹೇಳುವ ಕಥೆ ಎಲ್ಲರೂ ಬಲ್ಲದ್ದು. ಅವರು ಇನ್ನೂ ಶ್ರೀನಿವಾಸಾಚಾರ್ಯರಾಗಿದ್ದಾಗ ಚೀಕಲಪರವಿಯ ವಿಜಯದಾಸರ ಆಮಂತ್ರಣವನ್ನು ಹೊಟ್ಟೆನೋವೆಂಬ ನೆಪದಿಂದ ತಪ್ಪಿಸಿಕೊಂಡರು, ನೆಪವೇ ನಿಜವಾಯಿತು, ಕೊನೆಗೆ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರು. ಪಾಂಡಿತ್ಯದ ಗರ್ವ ಕರಗಿ ಭಕ್ತಿ ಮೂಡಿದುದರ ಸಂಕೇತವಾಗಿ ಈ ಕಥೆ ಬಹು ಸುಂದರವಾದುದು. ಅಲ್ಲಿ ರೋಗಕ್ಕೆ ಅರ್ಥವನ್ನು ಕೊಟ್ಟವರು ರೋಗಿಯ ಪರವಾಗಿ ನಿಂತರು, ತಮ್ಮ ಆಯುಸ್ಸನ್ನೇ ಕೊಟ್ಟರು. ಕಾವೇರಿಯ ರೋಗಕ್ಕೆ ಅರ್ಥ ಹಚ್ಚಿದವರು ಅವಳಿಗೆ ಏನನ್ನೂ ಕೊಡಲಿಲ್ಲ. ಅದೇ ಓಣಿಗಳಲ್ಲಿ ಈಗಲೂ ಆಸ್ಪತ್ರೆಯಿಂದ ಮರಳಿದ ಸೊಸೆಯೊಬ್ಬಳು ಬಾವಿಕಟ್ಟೆಯಲ್ಲಿ ಕೊಂಚ ಗಟ್ಟಿಯಾಗಿ ನಕ್ಕರೆ, ಕೊಡಗಳನ್ನು ಅಲ್ಲಿಯೇ ಬಿಟ್ಟು ಒಬ್ಬರ ಮುಖ ಒಬ್ಬರು ನೋಡುವುದನ್ನು ನಾವು ಕಂಡಿದ್ದೇವೆ.

ನಮ್ಮ ತರಗತಿಯ ಆ ವಿದ್ಯಾರ್ಥಿನಿ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದಳು. ಸರಿ, ತಾಯಿ ಗೋಡೆಯನ್ನು ನೋಡುತ್ತಿದ್ದಳು, ಆ ಕೂಸಿಗೆ ಹಾಲು ಕೊಟ್ಟವರು ಯಾರು? ಆಗ ನಮಗೆ ಉತ್ತರ ತಿಳಿಯಲಿಲ್ಲ. ಆಮೇಲೆ ಹುಡುಕಿ ನೋಡಿದೆವು. ಕೂಸನ್ನು ಮೇ‍ರಿ ಎಂಬವಳು ಚೆನ್ನಾಗಿ ನೋಡಿಕೊಳ್ಳುತ್ತಾಳೆಂದು ಕಥೆಯಲ್ಲಿ ಒಂದೇ ಒಂದು ಮಾತು ಬರುತ್ತದೆ. ಮನೆವಾರ್ತೆ ನೋಡುವ ನಾದಿನಿಗೂ ಜೆನ್ನಿ ಎಂಬ ಹೆಸರುಂಟು. ನಿರೂಪಕಿಗೆ ಮಾತ್ರ ಕೊನೆಯ ಸಾಲುಗಳವರೆಗೆ ಹೆಸರಿಲ್ಲ; ಅಲ್ಲಿ ಒಮ್ಮೆ ಬರುವ 'ಜೇನ್' ಎಂಬುದು ಅವಳದೇ ಹೆಸರೋ, ಜೆನ್ನಿಯದೋ, ಅಚ್ಚಿನ ತಪ್ಪೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಮುಂದಿನ ವರ್ಷ ಅದೇ ಪಾಠವನ್ನು ತೆಗೆದುಕೊಂಡಾಗ ಹಳದಿ ಬಣ್ಣದ ಪ್ರಶ್ನೆಯನ್ನು ಬಿಟ್ಟು, ಈ ಪ್ರಶ್ನೆಯನ್ನು ಕೊಟ್ಟೆವು.